ಹಿತ್ತಾಳೆಯ ವಾದ್ಯವೂ ನಮ್ಮ ಕೈಗಳೂ

ಆಗಸ್ಟ್ 15ರಂದೂ ಜನವರಿ 26ರಂದೂ ಶಾಲೆಯ ವಾದ್ಯವೃಂದವು ಧ್ವಜದ ಮುಂದೆ ಸಾಲಾಗಿ ನಿಂತಾಗ, ಬಿಸಿಲಿಗೆ ಥಳಥಳಿಸುವ ಟ್ರಂಪೆಟ್ಟು ಬ್ಯೂಗಲುಗಳ ಕಡೆಗೆ ಎಲ್ಲರ ದೃಷ್ಟಿಯೂ ಹರಿಯುವುದು ಸಹಜ. ಸಮೀಪಕ್ಕೆ ಹೋಗಿ ನೋಡಿದವರಿಗೆ ಮತ್ತೊಂದು ಸಂಗತಿಯೂ ಕಾಣುತ್ತದೆ. ವಾದ್ಯದ ಅಗಲವಾದ ಬಾಯಿ ಹೊಳೆಯುತ್ತಿದ್ದರೂ, ಎಡಗೈ ಬಿಗಿಯಾಗಿ ಹಿಡಿಯುವ ವಾಲ್ವುಗಳ ಸುತ್ತಿನ ಭಾಗವು ಕಂದಿ, ಕಲೆಗಟ್ಟಿ, ಒರಟಾಗಿರುತ್ತದೆ. ಈ ಸವಕಳಿಯ ವಿಷಯದಲ್ಲಿ ವಿದ್ಯಾರ್ಥಿಗಳಲ್ಲಿ ಎರಡು ಬಗೆಯ ನಂಬಿಕೆಗಳುಂಟು. ಸವೆದ ವಾದ್ಯವು ಸಾಧನೆಯ ಗುರುತೆಂದು ಕೆಲವರು ಹೆಮ್ಮೆಪಡುತ್ತಾರೆ. ಉತ್ಸವದ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಎಲ್ಲವೂ ಸರಿಹೋಗುವುದೆಂದು ಉಳಿದವರು ತಿಳಿದಿದ್ದಾರೆ. ಈ ಎರಡು ನಂಬಿಕೆಗಳೂ ವಾದ್ಯಕ್ಕೆ ಹಾನಿಕರವೆಂಬುದು ನನ್ನ ಅಭಿಪ್ರಾಯ.

ಮೊದಲು ಲೋಹದ ಸ್ವಭಾವವನ್ನು ತಿಳಿಯೋಣ. ಹಿತ್ತಾಳೆಯು ತಾಮ್ರ ಮತ್ತು ಸತುವುಗಳ ಮಿಶ್ರಣ. ವಾದ್ಯಗಳಿಗೆ ಸಾಮಾನ್ಯವಾಗಿ ಬಳಸುವ ಹಳದಿ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು ಇರುತ್ತದೆ. ಟ್ರಂಪೆಟ್ಟಿನ ತಗಡು ಸುಮಾರು ಅರ್ಧ ಮಿಲಿಮೀಟರಿನಷ್ಟು ಮಾತ್ರ ದಪ್ಪ. ಅದರ ರಕ್ಷಣೆಗಾಗಿ, ಅಂಗಡಿಯವರು ಲ್ಯಾಕರ್ ಎಂದು ಕರೆಯುವ ಪಾರದರ್ಶಕವಾದ ಮೆರುಗೆಣ್ಣೆಯ ಪೊರೆಯನ್ನಾಗಲಿ ಬೆಳ್ಳಿಯ ಲೇಪವನ್ನಾಗಲಿ ಕೊಟ್ಟಿರುತ್ತಾರೆ. ನಮ್ಮ ಬೆವರಿನಲ್ಲಿ ನೀರಿನ ಜೊತೆಗೆ ಉಪ್ಪೂ ಲ್ಯಾಕ್ಟಿಕ್ ಆಮ್ಲವೂ ಇವೆ. ಬೆರಳುಗಳ ಉಜ್ಜುವಿಕೆಯಿಂದಲೂ ಉಂಗುರ ಬಳೆಗಳ ಗೀಚಿನಿಂದಲೂ ಪೊರೆ ತೆಳುವಾದ ಜಾಗದಲ್ಲಿ ಈ ಉಪ್ಪುನೀರು ಲೋಹವನ್ನು ಮುಟ್ಟುತ್ತದೆ. ಆಗ ಸತುವು ಮೊದಲು ಕರಗಿಹೋಗುತ್ತದೆ. ಉಳಿದ ತಾಮ್ರವು ಕೆಂಪು ಚುಕ್ಕೆಗಳಾಗಿ ತೋರುತ್ತದೆ. ಸತುವು ಹೋದ ಆ ಜಾಗದಲ್ಲಿ ಲೋಹವು ಬಲಗುಂದುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮುಂಬಯಿಯ ಗಾಳಿಯಲ್ಲಿ ತೇವವು ಆರುವುದೇ ಕಷ್ಟವಾದುದರಿಂದ, ಒರೆಸದೆ ಪೆಟ್ಟಿಗೆಯೊಳಗಿಟ್ಟ ವಾದ್ಯದ ಮೇಲೆ ಬೆವರು ತನ್ನ ಕೆಲಸವನ್ನು ರಾತ್ರಿಯೆಲ್ಲ ನಡೆಸುತ್ತಿರುತ್ತದೆ.

ಇನ್ನು ಹುಣಸೆಹಣ್ಣಿನ ಮಾತು. ಮನೆಯ ಹಿತ್ತಾಳೆಯ ಕೊಡಕ್ಕೆ ತಾಯಂದಿರು ಹುಣಸೆಹಣ್ಣು ಹಚ್ಚುವುದು ಸರಿಯಾದ ಕ್ರಮವೇ. ಆ ಕೊಡದ ಹೊರಮೈ ಬರಿಯ ಲೋಹ. ಹುಳಿಯು ಅದರ ಕಿಲುಬನ್ನು ಕರಗಿಸುತ್ತದೆ. ಅಡಿಗೆಯ ಪಾತ್ರೆಯ ಒಳಮೈಗೆ ಹುಳಿ ತಾಗಬಾರದೆಂದು ಕಲಾಯಿ ಹಾಕಿಸಿದವರೂ ನಮ್ಮ ಹಿರಿಯರೇ. ಯಾವ ಮೈಗೆ ಯಾವ ಉಪಚಾರವೆಂಬ ವಿವೇಕ ಅವರಲ್ಲಿತ್ತು. ಅದೇ ವಿವೇಕ ವಾದ್ಯದ ವಿಷಯದಲ್ಲಿಯೂ ಬೇಕು. ಮೆರುಗೆಣ್ಣೆಯಿರುವ ವಾದ್ಯವನ್ನು ಬೂದಿ, ರಂಗೋಲಿಪುಡಿ ಅಥವಾ ಪೇಟೆಯ ಪಾಲೀಷಿನಿಂದ ತಿಕ್ಕಿದರೆ ಕೊಳೆಯೊಡನೆ ಪೊರೆಯೂ ಹೋಗುತ್ತದೆ. ಆ ದಿನ ಚಿನ್ನದಂತೆ ಹೊಳೆದ ವಾದ್ಯ ಕೆಲವೇ ವಾರಗಳಲ್ಲಿ ಮೊದಲಿಗಿಂತಲೂ ಹೆಚ್ಚು ಕಂದುತ್ತದೆ. ಪೊರೆಯಿಲ್ಲದ ವಾದ್ಯವಾದರೂ ಪ್ರತಿ ಸಲ ತಿಕ್ಕಿದಾಗ ಎಳ್ಳಷ್ಟು ಲೋಹವನ್ನು ಕಳೆದುಕೊಳ್ಳುತ್ತದೆ. ಉತ್ತರ ಪ್ರದೇಶದ ಮೀರತ್ ನಗರದಲ್ಲಿ ಇಂಥ ವಾದ್ಯಗಳನ್ನು ತಯಾರಿಸುವ ಕುಶಲಕರ್ಮಿಗಳು ತಗಡನ್ನು ಬಡಿದು, ಬಗ್ಗಿಸಿ, ಬೆಸೆದು, ಮೆರುಗು ಕೊಡಲು ಪಡುವ ಶ್ರಮವನ್ನು ನೆನೆದರೆ, 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯು ಈ ತಿಕ್ಕಾಟಕ್ಕೂ ಒಪ್ಪುತ್ತದೆ.

ಸವಕಳಿಯು ಸಾಧನೆಯ ಗುರುತೆನ್ನುವವರಿಗೆ ನನ್ನ ಉತ್ತರವಿಷ್ಟೆ. ಸ್ವಂತ ಹಣದಿಂದ ಕೊಂಡ ವಾದ್ಯದ ಮೇಲೆ ವಾದಕನು ತನ್ನ ಬೆರಳಿನ ಗುರುತನ್ನು ಉಳಿಸಿಕೊಳ್ಳಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಶಾಲೆಯ ವಾದ್ಯವಾದರೋ ಈ ವರುಷ ನಿಮ್ಮ ಕೈಯಲ್ಲಿದ್ದು ಬರುವ ವರುಷ ಇನ್ನೊಬ್ಬರ ಕೈಗೆ ಹೋಗತಕ್ಕದ್ದು. ಕನ್ನಡ ಶಾಲೆಗೆ ಬರುವ ನಮ್ಮ ಮಕ್ಕಳಲ್ಲಿ ಸ್ವಂತ ಟ್ರಂಪೆಟ್ಟನ್ನು ಕೊಳ್ಳಬಲ್ಲ ಮನೆಯವರು ವಿರಳ. ಒಂದು ವಾದ್ಯ ಕೆಟ್ಟಿತೆಂದರೆ ಈಗ ಐದನೆಯ ತರಗತಿಯಲ್ಲಿ ಕುಳಿತು ತನ್ನ ಸರದಿಗಾಗಿ ಕಾಯುತ್ತಿರುವ ಯಾವನೋ ಒಬ್ಬ ಹುಡುಗನಿಗೆ, ಯಾವಳೋ ಒಬ್ಬ ಹುಡುಗಿಗೆ ಊದುವ ಅವಕಾಶವೇ ತಪ್ಪಿತು.

ಮಾಡಬೇಕಾದುದು ಬಹಳವಿಲ್ಲ. ವಾದ್ಯವನ್ನೆತ್ತುವ ಮುನ್ನ ಕೈ ತೊಳೆದು ಒರೆಸಿಕೊಳ್ಳಿರಿ. ಉಂಗುರ ಬಳೆಗಳನ್ನು ತೆಗೆದಿಡಿರಿ. ಊದಿ ಮುಗಿಸಿದೊಡನೆ ಹಳೆಯ ಪಂಚೆಯ ಮೆತ್ತನೆಯ ತುಂಡಿನಿಂದ ಹಿಡಿದ ಜಾಗವನ್ನೆಲ್ಲ ಒರೆಸಿ, ಆಮೇಲೆ ಪೆಟ್ಟಿಗೆಗೆ ಸೇರಿಸಿರಿ. ಒಂದು ನಿಮಿಷದ ಕೆಲಸ. ಹಿಡಿಯುವ ಭಾಗಕ್ಕೆ ತೊಗಲಿನ ಪಟ್ಟಿ ಕಟ್ಟುವ ರೂಢಿಯೂ ಒಳ್ಳೆಯದೇ. ಆದರೆ ಕಟ್ಟಿ ಮರೆತರೆ ಅದೇ ಪಟ್ಟಿಯು ಬೆವರನ್ನು ಹೀರಿ ಲೋಹಕ್ಕೆ ಒತ್ತಿಹಿಡಿಯುತ್ತದೆ. ಆದುದರಿಂದ ವಾರಕ್ಕೊಮ್ಮೆಯಾದರೂ ಅದನ್ನು ಬಿಚ್ಚಿ, ಒಣಗಿಸಿ, ಅಡಿಯ ಲೋಹವನ್ನು ಒರೆಸಬೇಕು. ಕವಾಯತಿನ ದಿನ ತೊಡುವ ಬಿಳಿಯ ಹತ್ತಿಯ ಕೈಚೀಲಗಳಿಂದಲೂ ಪ್ರಯೋಜನವುಂಟು, ಅವುಗಳನ್ನು ತೊಳೆಯುತ್ತಿದ್ದರೆ ಮಾತ್ರ.

ಈ ಕೆಲಸವನ್ನು ಶಾಲೆಯ ಸೇವಕರಿಗೆ ಒಪ್ಪಿಸುವ ಪದ್ಧತಿಯು ನಿಲ್ಲಬೇಕೆಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಊದುವ ಗೌರವ ಒಬ್ಬರಿಗೆ, ಒರೆಸುವ ದುಡಿಮೆ ಇನ್ನೊಬ್ಬರಿಗೆ ಎಂಬ ಏರ್ಪಾಡು ವಿದ್ಯಾಲಯಕ್ಕೆ ಶೋಭಿಸದು. ಪ್ರತಿಯೊಂದು ಪೆಟ್ಟಿಗೆಯಲ್ಲಿಯೂ ಒಂದು ಬಟ್ಟೆಯನ್ನೂ ಒಂದು ಸಣ್ಣ ಪುಸ್ತಕವನ್ನೂ ಇಡಿಸಬೇಕೆಂಬುದು ನನ್ನ ಸೂಚನೆ. ವಾದ್ಯವನ್ನು ಪಡೆದ ದಿನ ಅದು ಹೇಗಿತ್ತು, ಒಪ್ಪಿಸಿದ ದಿನ ಹೇಗಿತ್ತು ಎಂಬುದನ್ನು ವಾದಕನು ತನ್ನ ಹೆಸರಿನೊಡನೆ ಅದರಲ್ಲಿ ಬರೆಯಲಿ. ಮುಂದಿನ ವರುಷ ಆ ಪೆಟ್ಟಿಗೆಯನ್ನು ತೆರೆಯುವ ಕಿರಿಯರು ನಿಮ್ಮ ಬರಹವನ್ನೂ ವಾದ್ಯವನ್ನೂ ಜೊತೆಗಿಟ್ಟು ನೋಡುವರು.