ಪೆಟ್ಟು ತಿಂದವರ ಹೆಸರೆಲ್ಲಿ?

ಆಂಗ್ಲರು 1860ರಲ್ಲಿ ನಮ್ಮ ತಲೆಗೆ ಕಟ್ಟಿದ ದಂಡಸಂಹಿತೆಯ 377ನೆಯ ಕಲಮಿನ ವ್ಯಾಪ್ತಿಯಿಂದ, ವಯಸ್ಕರು ಪರಸ್ಪರ ಸಮ್ಮತಿಯಿಂದ ನಡೆಸುವ ಸಲಿಂಗ ಸಂಬಂಧವನ್ನು ಸುಪ್ರೀಂ ಕೋರ್ಟಿನವರು 2018ನೆಯ ಇಸವಿ ಸೆಪ್ಟೆಂಬರ್ 6ನೆಯ ತಾರೀಖಿನಲ್ಲಿ ಹೊರತುಪಡಿಸಿದುದನ್ನು ವಾಚಕಮಹಾಶಯರು ಬಲ್ಲರು. ಆ ಜಯದ ಪ್ರಸ್ತಾಪ ಬಂದಾಗಲೆಲ್ಲ ನರ್ತಕರಾದ ನವತೇಜ್ ಸಿಂಗ್ ಜೋಹರರ ಹೆಸರು ಕೇಳಿಬರುತ್ತದೆ. ಮೊಕದ್ದಮೆಗೂ ಅದೇ ಹೆಸರು. ಅವರ ಸಂಗಡ ಅರ್ಜಿಗೆ ರುಜು ಹಾಕಿದ ಋತು ದಾಲ್ಮಿಯಾ, ಆಯೇಶಾ ಕಪೂರ್ ಎಂಬ ಸ್ತ್ರೀಯರನ್ನು ಯಾರು ಸ್ಮರಿಸುತ್ತಾರೆ? 2016ರಲ್ಲಿಯೇ ನಮ್ಮ ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಅವರ ಸಂಗಡಿಗರಿಬ್ಬರೂ ಅದೇ ಕಲಮಿನ ವಿರುದ್ಧ ಪ್ರತ್ಯೇಕ ಅರ್ಜಿ ಸಲ್ಲಿಸಿದ್ದರೆಂಬುದನ್ನು ಮಧುಗಿರಿ, ಶಿರಾಗಳಲ್ಲಿ ಎಷ್ಟು ಮಂದಿ ಬಲ್ಲರು?

ಇದು ಕೇವಲ ಕೀರ್ತಿಯ ಪಾಲುಪಟ್ಟಿಯ ಮಾತಲ್ಲ. ಇದೇ ಸುಪ್ರೀಂ ಕೋರ್ಟು 2013ರ ಡಿಸೆಂಬರ್ 11ರಂದು ಈ ಕಲಮನ್ನು ಎತ್ತಿಹಿಡಿದಾಗ, ವರದಿಯಾದ ತೀರ್ಪುಗಳ ಲೆಕ್ಕದಂತೆ 150 ವರ್ಷಗಳಲ್ಲಿ ವಿಚಾರಣೆಗೆ ಗುರಿಯಾದವರು 200 ಮಂದಿಗಿಂತಲೂ ಕಡಮೆಯೆಂಬುದನ್ನು ಒಂದು ಕಾರಣವಾಗಿ ಹೇಳಿತು. ಲೆಕ್ಕ ಸರಿಯಿರಬಹುದು. ಆದರೆ ಈ ಕಾಯಿದೆಯ ಪ್ರತಾಪವಿದ್ದುದು ಕೋರ್ಟಿನ ಕಟಕಟೆಯಲ್ಲಲ್ಲ, ಠಾಣೆಯ ಹಿಂದಿನ ಕೋಣೆಯಲ್ಲಿ. ಕೇಸು ಹಾಕುವೆವೆಂದು ಬೆದರಿಸುವುದು, ಮಾಮೂಲು ಕೀಳುವುದು, ಬಡಿದು ಅಟ್ಟುವುದು: ಇವಕ್ಕೆ ಯಾವ ತೀರ್ಪೂ ಇಲ್ಲ, ಯಾವ ರಿಜಿಸ್ಟರೂ ಇಲ್ಲ. ಈ ಪೆಟ್ಟುಗಳನ್ನು ಬೀದಿಯಲ್ಲಿ ತಿಂದವರು ಹಿಜ್ರಾಗಳು. ಕರ್ನಾಟಕದ ಪಿ.ಯು.ಸಿ.ಎಲ್. ಸಂಸ್ಥೆಯವರು 2003ರಲ್ಲಿ ಬೆಂಗಳೂರಿನ ಈ ಜನರ ಬವಣೆಯನ್ನು ವರದಿಮಾಡಿ ಪ್ರಕಟಿಸಿದರು. ಮರುವರ್ಷವೇ ಅದೇ ನಗರದಲ್ಲಿ ಗೂಂಡಾಗಳಿಂದ ಮಾನಭಂಗಕ್ಕೀಡಾದ ಒಬ್ಬ ಹಿಜ್ರಾಳನ್ನು ಠಾಣೆಗೊಯ್ದು, ವಿವಸ್ತ್ರಗೊಳಿಸಿ, ಕಿಟಕಿಗೆ ಬೇಡಿ ಹಾಕಿ ಹಿಂಸಿಸಲಾಯಿತು. ದೆಹಲಿ ಹೈಕೋರ್ಟು 2009ರ ಜುಲೈ 2ರಂದು ಮೊದಲಬಾರಿಗೆ ಈ ಕಲಮನ್ನು ಸಡಿಲಿಸಿದಾಗ ಆಧಾರವಾಗಿ ಉದಾಹರಿಸಿದ ಸಂಗತಿಗಳಲ್ಲಿ ಇದೂ ಒಂದು. ಆಕೆಯ ಹೆಸರನ್ನು ನಾವು ಮುದ್ರಿಸೆವು, ಅದು ಪತ್ರಿಕಾಧರ್ಮ. ಆದರೆ ಹೆಣ್ಣಾಗಿ ಬಾಳಿದ ಆಕೆಯನ್ನು ಆ ಉದಾರವಾದ ತೀರ್ಪೇ ‘ಅವನು’ ಎಂದು ಬರೆದಿರುವುದನ್ನು ಏನೆನ್ನೋಣ!

ನಮ್ಮ ಸರ್ಕಾರದವರ ನಡತೆಯನ್ನೂ ಹೇಳಬೇಕು. ಪರಕೀಯರು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಲ್ಲಿ ಹಿಜ್ರಾಗಳ ಹೆಸರು, ವಾಸಸ್ಥಳಗಳನ್ನು ಪಟ್ಟಿಮಾಡಿಸುತ್ತಿದ್ದರು. ಸ್ವತಂತ್ರ ಕರ್ನಾಟಕವು 2011ರಲ್ಲಿ ತನ್ನ ಪೊಲೀಸ್ ಕಾಯಿದೆಗೆ 36-ಎ ಎಂಬ ಕಲಮು ಸೇರಿಸಿ ಅದೇ ಪಟ್ಟಿಯನ್ನು ಮತ್ತೆ ತೆರೆಯಿತು! ಲಿಂಗತ್ವ ಅಲ್ಪಸಂಖ್ಯಾತರು ಹೈಕೋರ್ಟಿನ ಬಾಗಿಲು ಬಡಿದ ಮೇಲೆ 2016ರಲ್ಲಿ ಅದರೊಳಗಿನ ಆ ಜಾತಿವಾಚಕದಂಥ ಶಬ್ದ ಹೋಗಿ ‘ವ್ಯಕ್ತಿಗಳು’ ಎಂದಾಯಿತು. ಅಮೆರಿಕೆಯಲ್ಲಿಯೂ ಇದೇ ಕಥೆ. ಅಲ್ಲಿನ ಚಳವಳಿಗೆ ದುಡಿದ ಸಿಲ್ವಿಯಾ ರಿವೇರಾ 1973ರಲ್ಲಿ ನ್ಯೂಯಾರ್ಕಿನ ಸಭೆಯಲ್ಲಿ ಮಾತಿಗೆ ನಿಂತಾಗ ಸ್ವಪಕ್ಷದವರೇ ಕೂಗಿ ಅಡ್ಡಿಪಡಿಸಿದರು.

ಕೊರಟಗೆರೆಯ ಸಂತೆಯಲ್ಲಿ, ಪಾವಗಡದ ಬಸ್ ನಿಲ್ದಾಣದಲ್ಲಿ ಮಂಗಳಮುಖಿಯೊಬ್ಬಳು ಕೈಚಾಚಿದರೆ ನಾಣ್ಯವಿಟ್ಟು ಮುಖ ತಿರುಗಿಸುವ ನಮ್ಮ ಜನ, ‘ದುಡಿದು ತಿನ್ನಬಾರದೇ’ ಎನ್ನುವುದುಂಟು. ಸಂಗಮ ಸಂಸ್ಥೆಯವರು ಹೈಕೋರ್ಟಿನಲ್ಲಿ ಹೋರಾಡಿದ ಫಲವಾಗಿ 2021ರಲ್ಲಿ ರಾಜ್ಯದ ಸರ್ಕಾರಿ ನೌಕರಿಯಲ್ಲಿ ಇವರಿಗೆ ಶೇಕಡಾ 1ರ ಮೀಸಲಾತಿ ದೊರೆತಿದೆ. ದೇಶದಲ್ಲಿ ಇದೇ ಮೊದಲು. ಈ ನಾಲ್ಕು ತಾಲ್ಲೂಕುಗಳ ಕಚೇರಿಗಳಲ್ಲಿ ಇದರಂತೆ ನೇಮಕವಾದವರು ಎಷ್ಟು ಮಂದಿಯೆಂಬ ಲೆಕ್ಕವನ್ನು ಜಿಲ್ಲಾಧಿಕಾರಿಗಳು ಪ್ರಕಟಿಸಬೇಕೆಂದು ನಾವು ಕೇಳುತ್ತೇವೆ. ಬಂದೊಡನೆ ಇದೇ ಪುಟದಲ್ಲಿ ಅಚ್ಚುಹಾಕುವೆವು.