ಮೂರು ದಿನದ ಲಂಡನ್, ಒಂದು ಖಾಲಿ ಮಧ್ಯಾಹ್ನ

ದೀಪಾವಳಿಗೆಂದು ಪುಣೆಯಿಂದ ಕುಡಚಿಗೆ ಬಂದ ನನ್ನ ತಂಗಿಯ ಮಗಳು ಮತ್ತು ಅವಳ ಗಂಡ ಫರಾಳದ ತಾಟಿನ ಪಕ್ಕದಲ್ಲೇ ಒಂದು ಕಾಗದ ಬಿಡಿಸಿಟ್ಟರು. ಮದುವೆಯಾಗಿ ಎರಡು ವರ್ಷ. ಇಬ್ಬರಿಗೂ ನೌಕರಿ. ಎರಡು ವರ್ಷದಲ್ಲಿ ಒಟ್ಟಿಗೆ ಊರಿಗೆ ಬಂದದ್ದು ಬಿಟ್ಟರೆ ಬೇರೆಲ್ಲೂ ಹೋದವರಲ್ಲ.

“ಮಾಮಾ, ಮೇ ಒಂದನೇ ತಾರೀಖು ಶುಕ್ರವಾರ ಬರ್ತದ. ಶನಿವಾರ, ಭಾನುವಾರ ಹೆಂಗೂ ರಜಾ. ಲಂಡನ್ ನೋಡಿ ಬರಬೇಕಂತೀವಿ. ಈ ಪಟ್ಟಿ ಸ್ವಲ್ಪ ನೋಡ್ರಿ.”

ಪಟ್ಟಿಯಲ್ಲಿ ಹತ್ತೊಂಬತ್ತು ಜಾಗಗಳಿದ್ದವು. ಮೂರು ದಿನಕ್ಕೆ ಹತ್ತೊಂಬತ್ತು!

ಒಲೆಯ ಮುಂದಿದ್ದ ತಂಗಿ ಅಲ್ಲಿಂದಲೇ ಕೇಳಿದಳು: “ಮೂರ ದಿನಕ್ಕ ಅಷ್ಟ ರೊಕ್ಕ ಯಾಕ? ಪಂಢರಪುರಕ್ಕ ಹೋಗಿ ಬಂದ್ರ ಆಗಂಗಿಲ್ಲೇನು?”

ಹೋಗಬೇಕೋ ಬೇಡವೋ ಎಂಬುದು ದುಡಿದು ಕೂಡಿಟ್ಟವರು ತೀರ್ಮಾನಿಸಬೇಕಾದ ಮಾತು. ಅದರಲ್ಲಿ ನಾನು ಬಾಯಿ ಹಾಕಲಿಲ್ಲ. ಆದರೆ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಚಟ ಬಿಡಬೇಕಲ್ಲ! ಒಂದು ಪ್ರವಾಸದ ಯೋಜನೆಯೊಳಗೆ ಭೂಗೋಳ, ಇತಿಹಾಸ, ಗಣಿತ, ಮನೆತನದ ಲೆಕ್ಕ ಎಲ್ಲವೂ ಇರುತ್ತವೆ. ಹೀಗಾಗಿ ಈ ವಾರದ ಮಾತು ಅದೇ. ಲಂಡನ್ನಿಗೆ ಹೋಗುವವರಿಗೆ ಮಾತ್ರವಲ್ಲ, ಹಂಪಿಗೋ ಮೈಸೂರಿಗೋ ಹೊರಟವರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಕಾಗದಪತ್ರ. ಬ್ರಿಟನ್ನಿಗೆ ಹೋಗಲು ಪ್ರವಾಸಿ ವೀಸಾ ಬೇಕು. ಫ್ರಾನ್ಸ್, ಜರ್ಮನಿ, ಇಟಲಿ ಮೊದಲಾದ 29 ದೇಶಗಳು ಸೇರಿಕೊಂಡು ಕೊಡುವ ಶೆಂಗೆನ್ ವೀಸಾ ಲಂಡನ್ನಿನಲ್ಲಿ ನಡೆಯುವುದಿಲ್ಲ. ಲಂಡನ್ನಿನ ವೀಸಾ ಪ್ಯಾರಿಸ್‌ನಲ್ಲಿ ನಡೆಯುವುದಿಲ್ಲ. ‘ಅಲ್ಲೇ ಪಕ್ಕದಲ್ಲಿದೆ, ರೈಲು ಹತ್ತಿ ಪ್ಯಾರಿಸ್‌ಗೂ ಹೋಗಿಬರೋಣ’ ಎಂದುಕೊಂಡವರು ಇಲ್ಲೇ ಎಡವುತ್ತಾರೆ. ಬ್ರಿಟನ್ನಿನ ವೀಸಾಕ್ಕೆ ಪ್ರಯಾಣಕ್ಕೆ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಪುಣೆ, ಮುಂಬೈ, ಬೆಂಗಳೂರಿನ ಕೇಂದ್ರಗಳಿಗೆ ಖುದ್ದಾಗಿ ಹೋಗಿ ಬೆರಳಚ್ಚು ಕೊಡಬೇಕು. ಆಮೇಲೆ ಸಾಮಾನ್ಯವಾಗಿ ಮೂರು ವಾರದಲ್ಲಿ ಉತ್ತರ ಬರುತ್ತದೆ. ಬ್ಯಾಂಕಿನ ಲೆಕ್ಕಪತ್ರ, ನೌಕರಿಯ ಕಡೆಯಿಂದ ರಜೆಯ ಪತ್ರ, ತಿರುಗಿ ಬರುತ್ತೇವೆ ಎಂದು ನಂಬಿಸುವ ದಾಖಲೆ ಇಷ್ಟು ಮುಖ್ಯ. ನಮ್ಮ ಕಡೆಯವರು ನೆನಪಿಡಬೇಕಾದ ಇನ್ನೊಂದು ಮಾತಿದೆ. ಹೊಲದ ಉತಾರೆಯಾಗಲಿ, ಬೇರೆ ಯಾವ ದಾಖಲೆಯಾಗಲಿ ಕನ್ನಡದಲ್ಲೋ ಮರಾಠಿಯಲ್ಲೋ ಇದ್ದರೆ ಅದರ ಜತೆಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದವೂ ಬೇಕು. ವೀಸಾ ಕೈಗೆ ಬರುವ ಮುಂಚೆ ಹಣ ವಾಪಸು ಸಿಗದಂಥ ಟಿಕೆಟ್ ತೆಗೆಯಬಾರದು.

ಎರಡನೆಯದು ಗಡಿಯಾರದ ಲೆಕ್ಕ. ಅಳಿಯನ ಪ್ರಕಾರ ರಜೆ ಮೂರು ದಿನ. ನಾನು ಮಗಳ ಕೈಗೆ ಪೆನ್ನು ಕೊಟ್ಟೆ. ಮುಂಬೈಯಿಂದ ಲಂಡನ್ನಿಗೆ ನೇರ ವಿಮಾನದಲ್ಲಿ ಸುಮಾರು ಹತ್ತು ತಾಸು. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಹೊರಟರೆ ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡಕ್ಕೆ ಇಳಿಯಬೇಕು. ಆದರೆ ಮೇ ತಿಂಗಳಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ತಾಸು ಹಿಂದೆ. ಎಂದರೆ ಅಲ್ಲಿ ಆಗ ಸಂಜೆ ಏಳೂವರೆ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ. ಚಳಿಗಾಲದಲ್ಲಿ ವ್ಯತ್ಯಾಸ ಐದೂವರೆ ತಾಸು. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಮೇ ಮೊದಲ ವಾರದಲ್ಲಿ ಎಂಟೂವರೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಅದೇ ಖರ್ಚಿನಲ್ಲಿ ನಾಲ್ಕು ತಾಸು ಹೆಚ್ಚಿನ ಬೆಳಕು!

ಶನಿವಾರ, ಭಾನುವಾರ, ಸೋಮವಾರ ನೋಡುವುದು. ಸೋಮವಾರ ರಾತ್ರಿ ವಿಮಾನ ಹತ್ತಿದರೆ ಮಂಗಳವಾರ ಮುಂಬೈ. ಎಂದರೆ ಮೂರು ದಿನ ನೋಡಲು ಐದು ದಿನ ಬೇಕು, ಎರಡು ದಿನ ರಜೆ ಹಾಕಬೇಕು. ಕುಡಚಿಯಿಂದಲೇ ಹೊರಡುವವರು ಹಿಂದೆ ಮುಂದೆ ಇನ್ನೊಂದೊಂದು ದಿನ ಸೇರಿಸಿಕೊಳ್ಳಬೇಕು. ಅದೂ ಮಳೆಗಾಲವಾದರೆ ಕೃಷ್ಣೆ ಏರಿ ಉಗಾರದ ಕಡೆಯ ಸೇತುವೆ ಮುಳುಗುವುದನ್ನು ನಾವು ಎಷ್ಟು ಸಲ ನೋಡಿಲ್ಲ? ಲಂಡನ್ನಿನ ಯೋಜನೆಯೂ ನಮ್ಮ ಊರಿನ ಸೇತುವೆಯಿಂದಲೇ ಆರಂಭವಾಗಬೇಕು.

ಮೂರನೆಯದು ಪಟ್ಟಿ. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು.

1979ರಲ್ಲಿ, ಮದುವೆಯಾದ ಹೊಸದರಲ್ಲಿ, ನಾನೂ ನನ್ನ ಹೆಂಡತಿಯೂ ಮೂರು ದಿನದ ಪ್ರವಾಸ ಹೋಗಿದ್ದೆವು. ಅಥಣಿಯ ಮೇಲೆ ಆಗಿನ ಬಿಜಾಪುರ, ಅಲ್ಲಿಂದ ಕೂಡಲಸಂಗಮ, ಆಮೇಲೆ ಐಹೊಳೆ, ಪಟ್ಟದಕಲ್ಲು, ಬಾದಾಮಿ. ಬಸ್ಸಿನ ವೇಳಾಪಟ್ಟಿ ಬರೆದುಕೊಂಡ ಚೀಟಿ ನನ್ನ ಜೇಬಿನಲ್ಲಿತ್ತು. ಎಲ್ಲಿ ಎಷ್ಟು ನಿಮಿಷ ಎಂಬುದೂ ಅದರಲ್ಲಿತ್ತು. ಕೂಡಲಸಂಗಮದಲ್ಲಿ ಕೃಷ್ಣೆ ಮತ್ತು ಮಲಪ್ರಭೆ ಸೇರುವಲ್ಲಿ ಅವಳು ಮೆಟ್ಟಿಲ ಮೇಲೆ ಕುಳಿತಳು. “ಇದು ನಮ್ಮ ಊರಿನ ನೀರಲ್ಲೇನ್ರಿ? ಸಂಜೀತನಕ ಇಲ್ಲೇ ಕೂಡೋಣು” ಎಂದಳು. ನಾನು ಕೈಗಡಿಯಾರ ತೋರಿಸಿ ಎಬ್ಬಿಸಿದೆ. ಬಸ್ಸು ಸಿಕ್ಕಿತು. ಪಟ್ಟಿಯಲ್ಲಿದ್ದ ಎಲ್ಲ ಜಾಗಗಳನ್ನೂ ನೋಡಿದೆವು. ಬಾದಾಮಿಯಿಂದ ಊರು ಮುಟ್ಟುವವರೆಗೆ ಅವಳು ನನ್ನೊಡನೆ ನಾಲ್ಕು ಮಾತು ಆಡಲಿಲ್ಲ.

ಮತ್ತೆ ಅಲ್ಲಿಗೆ ಹೋಗಲು ನಮಗೆ ಹಲವು ವರ್ಷ ಹಿಡಿಯಿತು. ಅಷ್ಟರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಹಿನ್ನೀರು ಮೇಲೇರಿತ್ತು. ಬಸವಣ್ಣನವರ ಐಕ್ಯಮಂಟಪವನ್ನೇ ಸುತ್ತ ಗೋಡೆ ಕಟ್ಟಿ ಉಳಿಸಿಕೊಳ್ಳಬೇಕಾಗಿ ಬಂದಿತ್ತು. ಅವಳು ಕುಳಿತ ಮೆಟ್ಟಿಲು ನೀರೊಳಗೆ ಹೋಗಿತ್ತು. ಅವಳು ಜಗಳ ಮಾಡಲಿಲ್ಲ. “ಆವತ್ತ ಕೂತಿದ್ರ ಆಗ್ತಿತ್ತು” ಎಂದಳು, ಅಷ್ಟೇ.

ಆದ್ದರಿಂದ ನಾನು ಆ ಹತ್ತೊಂಬತ್ತರ ಪಟ್ಟಿಯನ್ನು ಮಡಚಿ ಪಕ್ಕಕ್ಕಿಟ್ಟು, ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆ ಚೀಟಿ ಕೊಟ್ಟೆ. “ಒಬ್ಬರದು ಒಬ್ಬರು ನೋಡಬ್ಯಾಡ್ರಿ. ನಿಮಗ ಖರೇನ ಬೇಕಾದ್ದು ಒಂದ ಬರೀರಿ.”

ಅಳಿಯ ಬರೆದದ್ದು ಲಾರ್ಡ್ಸ್ ಮೈದಾನ. 1983ರ ಜೂನ್ 25ರಂದು ಭಾರತ ವಿಶ್ವಕಪ್ ಗೆದ್ದ ಜಾಗ. ಆ ಫೈನಲ್ಲಿನಲ್ಲಿ ನಮ್ಮ ಕರ್ನಾಟಕದ ಸಯ್ಯದ್ ಕಿರ್ಮಾನಿ ಮತ್ತು ರೋಜರ್ ಬಿನ್ನಿ ಇದ್ದರು. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ಬಿನ್ನಿ. ಮಗಳು ಬರೆದದ್ದು ಗ್ರೀನಿಚ್. ಏಳನೇ ತರಗತಿಯಲ್ಲಿ ಸೊನ್ನೆ ರೇಖಾಂಶದ ಪಾಠ ಕೇಳಿದಾಗಿನಿಂದ ಅವಳಿಗೆ ಆ ಗೆರೆಯ ಮೇಲೆ ಎರಡೂ ಕಡೆ ಕಾಲಿಟ್ಟು ನಿಲ್ಲುವ ಆಸೆಯಂತೆ. ಎರಡು ವರ್ಷದ ಸಂಸಾರದಲ್ಲಿ ಇದು ಅವನಿಗೆ ಗೊತ್ತೇ ಇರಲಿಲ್ಲ! ಹತ್ತೊಂಬತ್ತರ ಪಟ್ಟಿಯಲ್ಲಿ ಗ್ರೀನಿಚ್ ಇರಲಿಲ್ಲ.

ಅಂತೂ ಅವನದೊಂದು, ಅವಳದೊಂದು ಆಯಿತು. ಇಬ್ಬರಿಗೂ ಸೇರಿದ್ದು ಯಾವುದು? ಅದನ್ನು ನಾನು ಹೇಳಿದೆ. ನಮ್ಮ ಊರಿನ ಹೊಳೆ.

ನಗಬೇಡಿ. ಕುಡಚಿ ದಾಟಿದ ಕೃಷ್ಣೆ ಕೂಡಲಸಂಗಮಕ್ಕೆ ಹೋಗುತ್ತಾಳೆ. ಅಲ್ಲಿಯ ಬಸವಣ್ಣನವರ ಪ್ರತಿಮೆ ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯಲ್ಲಿದೆ. ಕಲಬುರಗಿ ಮೂಲದವರೂ ಲ್ಯಾಂಬೆತ್‌ನ ಮಾಜಿ ಮೇಯರರೂ ಆದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಬಂದ ಆ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಲ್ಯಾಂಬೆತ್ ಸೇತುವೆಯ ಬಳಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ. ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ದಂಡೆ ಹಿಡಿದು ನಡೆದರೆ ಆಚೆ ದಡದಲ್ಲಿ ಬ್ರಿಟನ್ನಿನ ಸಂಸತ್ತು ಕಾಣುತ್ತದೆ. ಈಚೆ ಗೋಡೆಯ ತುಂಬ ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿಗೆ 2021ರಲ್ಲಿ ಬಿಡಿಸಿದ ಕೆಂಪು ಹೃದಯಗಳು. ಈ ನಡಿಗೆಗೆ ಒಂದು ಪೈಸೆಯ ಟಿಕೆಟ್ಟಿಲ್ಲ.

ಕೃಷ್ಣೆ ಇನ್ನೂ ಮುಂದೆ ಹೋಗಿ ಆಂಧ್ರದಲ್ಲಿ ಅಮರಾವತಿಯನ್ನು ಮುಟ್ಟುತ್ತಾಳೆ. ಅಲ್ಲಿಯ ಪ್ರಾಚೀನ ಬೌದ್ಧ ಸ್ತೂಪದ ಸುಣ್ಣಕಲ್ಲಿನ ಶಿಲ್ಪಗಳಲ್ಲಿ ನೂರಕ್ಕೂ ಹೆಚ್ಚು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವು ಅಲ್ಲಿಗೆ ಹೋದದ್ದು ಹೇಗೆ? ಬೆಳಗಾವಿ ಜಿಲ್ಲೆಯ ವಿದ್ಯಾರ್ಥಿಗಳು ಇಲ್ಲಿ ಕಿವಿಗೊಡಬೇಕು. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳ ಹೆಸರು ನಿಮಗೆ ಗೊತ್ತು: ಸ್ಟೀವನ್‌ಸನ್ ಮತ್ತು ಎಲಿಯಟ್. ಆ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ. 1845ರಲ್ಲಿ ಅಮರಾವತಿಯಲ್ಲಿ ಅಗೆಸಿದವನೂ ಅವನೇ. ಶಿಲ್ಪಗಳು ಮದ್ರಾಸಿಗೆ ಹೋಗಿ, 1859ರಲ್ಲಿ ಹಡಗಿನಲ್ಲಿ ಲಂಡನ್ನಿಗೆ ಸಾಗಿ, 1880ರಲ್ಲಿ ಬ್ರಿಟಿಷ್ ಮ್ಯೂಸಿಯಮ್ ಸೇರಿದವು. ಅವು ಸುಂದರವಾಗಿವೆ ಎಂದಷ್ಟೇ ನೋಡಿ ಬಂದರೆ ಅರ್ಧ ನೋಡಿದಂತೆ. ಹೇಗೆ ಹೋದವು, ಯಾರನ್ನು ಕೇಳಿ ಹೋದವು ಎಂದು ಕೇಳಿಕೊಂಡರೆ ಉಳಿದರ್ಧ.

ಆ ಮ್ಯೂಸಿಯಮ್ಮಿನ ಸಾಮಾನ್ಯ ಪ್ರವೇಶಕ್ಕೆ ಹಣವಿಲ್ಲ. 1759ರಲ್ಲಿ ಬಾಗಿಲು ತೆರೆದಾಗಲೇ ಶುರುವಾದ ಪದ್ಧತಿ ಅದು. ಆದರೆ ಒಂದೊಂದು ಕೋಣೆಯನ್ನು ಆಗಾಗ ದುರಸ್ತಿಗೆಂದು ಮುಚ್ಚುತ್ತಾರೆ. ಹೋಗುವ ವಾರ ವಿಚಾರಿಸಿಕೊಳ್ಳಬೇಕು. ಲಾರ್ಡ್ಸ್‌ನಲ್ಲಿ ಒಳಗೆ ಸುತ್ತಾಡಿಸಲು ಟಿಕೆಟ್ಟಿದೆ, ಪಂದ್ಯದ ದಿನ ಸಾಮಾನ್ಯವಾಗಿ ಅದು ಇರುವುದಿಲ್ಲ. ಗ್ರೀನಿಚ್ಚಿನ ವೀಕ್ಷಣಾಲಯಕ್ಕೂ ಟಿಕೆಟ್ಟಿದೆ. ಹೀಗೆ ಹಣ ಕೊಡಬೇಕಾದ ಜಾಗ ಎರಡೇ ಉಳಿದವು. ಹತ್ತೊಂಬತ್ತರ ಪಟ್ಟಿಯ ಖರ್ಚನ್ನು ಕೂಡಿಸಿ ಪಕ್ಕಕ್ಕೆ ಇದನ್ನು ಬರೆದಾಗ ನನ್ನ ತಂಗಿ ಮೊದಲ ಸಲ ಒಲೆ ಬಿಟ್ಟು ಬಂದು ಕಾಗದ ನೋಡಿದಳು.

ಓಡಾಟದ ಲೆಕ್ಕವೂ ಇರಲಿ. 1863ರ ಜನವರಿಯಲ್ಲಿ ಆರಂಭವಾದ ಲಂಡನ್ನಿನ ನೆಲದಡಿಯ ರೈಲು ಜಗತ್ತಿಗೇ ಮೊದಲನೆಯದು. ಅದಕ್ಕೂ ಬಸ್ಸಿಗೂ ಬ್ಯಾಂಕಿನ ಕಾರ್ಡು ತಾಗಿಸಿದರೆ ಸಾಕು. ದಿನಕ್ಕೆ ಒಂದು ಮಿತಿ ಇದೆ; ಅದನ್ನು ಮುಟ್ಟಿದ ಮೇಲೆ ಆವತ್ತು ಎಷ್ಟು ತಿರುಗಿದರೂ ಹೆಚ್ಚು ಕೊಡಬೇಕಾಗಿಲ್ಲ. ಆದರೆ ಇಬ್ಬರಿಗೂ ಬೇರೆ ಬೇರೆ ಕಾರ್ಡು ಬೇಕು. ಕಾರ್ಡು ವಿದೇಶದಲ್ಲಿ ನಡೆಯುವಂತೆ ಹೊರಡುವ ಮುಂಚೆಯೇ ಮಾಡಿಸಿಕೊಳ್ಳಬೇಕು. ಲಂಡನ್ ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ. ‘ಚಿಲ್ಲರ್ ಕೊಡ್ರಿ’ ಎನ್ನುವ ನಮ್ಮ ಕಂಡಕ್ಟರ್ ಅಲ್ಲಿ ಸಿಗುವುದಿಲ್ಲ.

ಕೊನೆಗೆ ಯೋಜನೆ ಹೀಗೆ ನಿಂತಿತು. ಶನಿವಾರ ಬೆಳಿಗ್ಗೆ ಥೇಮ್ಸ್ ದಂಡೆಯ ನಡಿಗೆ, ಬಸವಣ್ಣನವರ ಪ್ರತಿಮೆ, ಮಧ್ಯಾಹ್ನ ಲಾರ್ಡ್ಸ್. ಭಾನುವಾರ ಬೆಳಿಗ್ಗೆ ಬ್ರಿಟಿಷ್ ಮ್ಯೂಸಿಯಮ್. ಸೋಮವಾರ ದೋಣಿಯಲ್ಲಿ ಗ್ರೀನಿಚ್, ರಾತ್ರಿ ವಿಮಾನ. ಭಾನುವಾರ ಮಧ್ಯಾಹ್ನದ ಚೌಕ ಖಾಲಿ ಉಳಿದಿತ್ತು. ಅಳಿಯನಿಗೆ ಅದನ್ನು ಕಂಡು ಕಸಿವಿಸಿ. “ಇಲ್ಲಿ ಟಿಪ್ಪುವಿನ ಹುಲಿ ಹಾಕೋಣೇನು ಮಾಮಾ? ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಾಗ ಅದ. ಅದೂ ಫುಕಟ್” ಎಂದ.

ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ನನ್ನ ಹೆಂಡತಿ ಅವನ ಕೈಯಿಂದ ಪೆನ್ನು ತೆಗೆದುಕೊಂಡು ಆ ಚೌಕದಲ್ಲಿ ತಾನೇ ಬರೆದಳು: ‘ಇಲ್ಲಿ ಏನೂ ಬರೀಬ್ಯಾಡ್ರಿ.’ ನಾನು ಮಾತಾಡಲಿಲ್ಲ. ಆ ವಿಷಯದಲ್ಲಿ ಮಾತಾಡುವ ಅಧಿಕಾರ ನನಗಿರಲಿಲ್ಲ.

ಪಾಲಕರಿಗೆ ಒಂದು ಮಾತು. ಮುಂದಿನ ರಜೆಗೆ ಎಲ್ಲಿಗೇ ಹೋಗುವುದಿದ್ದರೂ, ಗೊಡಚಿನಮಲ್ಕಿಯ ಜಲಪಾತಕ್ಕೇ ಆದರೂ, ಯೋಜನೆಯನ್ನು ಮಕ್ಕಳ ಕೈಗೆ ಕೊಡಿ. ರೈಲಿನ ಸಮಯ, ಖರ್ಚು, ಬುತ್ತಿ ಎಲ್ಲ ಅವರೇ ಬರೆಯಲಿ. ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಕೊಟ್ಟು ಕೇಳಲಿ. ಅಜ್ಜಿಯ ಚೀಟಿಯನ್ನು ಮರೆಯಬಾರದು.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಗ್ರೀನಿಚ್ಚಿನ ಗೆರೆ ಸೊನ್ನೆ. ನಮ್ಮ ದೇಶದ ಸಮಯ ನಿಲ್ಲುವುದು 82½ ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಕುಡಚಿ ಇರುವುದು ಸುಮಾರು 75 ಡಿಗ್ರಿಯಲ್ಲಿ. ಹಾಗಾದರೆ ನಮ್ಮ ಗಡಿಯಾರ ಹನ್ನೆರಡು ಹೊಡೆದ ಮೇಲೆ ಕುಡಚಿಯ ಸೂರ್ಯ ನೆತ್ತಿಗೆ ಬರಲು ಇನ್ನೆಷ್ಟು ನಿಮಿಷ ಬೇಕು? ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ಎಲ್ಲಕ್ಕಿಂತ ಗಿಡ್ಡವಾಗುವ ಹೊತ್ತನ್ನು ಗುರುತು ಮಾಡಿ ನೋಡಿ. ಅದಕ್ಕೆ ವೀಸಾ ಬೇಕಿಲ್ಲ.