ಮೂರು ಪಂದ್ಯದ ತಕ್ಕಡಿ

0–1, 1–2, 2–3. 2024ರ ಸೆಪ್ಟೆಂಬರಿನಲ್ಲಿ ಕೋಲ್ಕತ್ತದ ಫುಟ್‌ಬಾಲ್ ಕ್ಲಬ್ ಈಸ್ಟ್ ಬೆಂಗಾಲ್ ತನ್ನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಋತುವನ್ನು ಆರಂಭಿಸಿದ್ದು ಹೀಗೆ. ಮೂರೂ ಸೋಲು, ಮೂರೂ ಒಂದೇ ಗೋಲಿನ ಅಂತರದ್ದು. ಪಂದ್ಯದಿಂದ ಪಂದ್ಯಕ್ಕೆ ಹೊಡೆದ ಗೋಲು ಒಂದೊಂದಾಗಿ ಏರಿದ್ದನ್ನು ಪ್ರಗತಿ ಎಂದು ಕರೆಯುವ ಧೈರ್ಯ ಯಾರಿಗೂ ಬರಲಿಲ್ಲ. ಸೆಪ್ಟೆಂಬರ್ 30ರಂದು ತರಬೇತುದಾರ ಕಾರ್ಲೆಸ್ ಕ್ವಾಡ್ರಾಟ್ ರಾಜೀನಾಮೆ ಕೊಟ್ಟರು. ಕೋಲ್ಕತ್ತದ ಬಾಯಲ್ಲಿದ್ದುದು ಒಂದೇ ಪ್ರಶ್ನೆ: ಇಷ್ಟು ದುಡ್ಡು ಸುರಿದ ಮೇಲೂ ಹೀಗೇಕೆ? ಪ್ರಶ್ನೆ ನ್ಯಾಯವಾದದ್ದೇ. ಕೇಳಿದ್ದು ಮಾತ್ರ ದುಡ್ಡು ಸುರಿಯದವರನ್ನು.

ಅದಕ್ಕೆ ಎಂಟು ತಿಂಗಳ ಹಿಂದೆ ಇದೇ ಕ್ವಾಡ್ರಾಟ್ ಡಮ್ ಡಮ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಹೊರಗೆ ಕೆಂಪು–ಹಳದಿಯ ಜಾತ್ರೆ. 2024ರ ಜನವರಿ 28ರಂದು ಭುವನೇಶ್ವರದಲ್ಲಿ ಒಡಿಶಾ ಎಫ್‌ಸಿಯನ್ನು ಹೆಚ್ಚುವರಿ ಸಮಯದಲ್ಲಿ 3–2ರಿಂದ ಸೋಲಿಸಿ ಸೂಪರ್ ಕಪ್ ತಂದಿದ್ದರು. 2012ರ ಫೆಡರೇಷನ್ ಕಪ್ ನಂತರ ಕ್ಲಬ್ಬಿಗೆ ಸಿಕ್ಕ ಮೊದಲ ರಾಷ್ಟ್ರೀಯ ಪ್ರಶಸ್ತಿ ಅದು. ಡಮ್ ಡಮ್‌ನ ಆಗಮನ ದ್ವಾರಕ್ಕೆ ಡೋಲು ಬರುತ್ತದೆ. ನಿರ್ಗಮನ ದ್ವಾರಕ್ಕೆ ಟ್ಯಾಕ್ಸಿ ಬಂದರೆ ಪುಣ್ಯ. ಆ ಸಂಭ್ರಮದಲ್ಲಿ ಒಂದು ಸಣ್ಣ ವಿವರ ಕಳೆದುಹೋಯಿತು. ಕಪ್ ಗೆದ್ದ ತಂಡ ಅದೇ ವರ್ಷದ ಲೀಗ್‌ನಲ್ಲಿ ಒಂಬತ್ತನೆಯ ಸ್ಥಾನದಲ್ಲಿ ನಿಂತಿತು. ಮುಂದಿನ ವರ್ಷದ ನಿರೀಕ್ಷೆ ಹುಟ್ಟಿದ್ದು ಕಪ್‌ನಿಂದ, ಪಟ್ಟಿಯಿಂದಲ್ಲ.

ನಿರೀಕ್ಷೆಯ ಬೆನ್ನಿಗೇ ಖರೀದಿ. ಕೇರಳ ಬ್ಲಾಸ್ಟರ್ಸ್‌ನಿಂದ ಡಿಮಿಟ್ರಿಯಸ್ ಡಯಮಂಟಾಕೋಸ್. ಹಿಂದಿನ ಋತುವಿನಲ್ಲಿ 13 ಗೋಲು ಹೊಡೆದು ಚಿನ್ನದ ಬೂಟು ತೊಟ್ಟವರು. ಅಲ್ಲಿಂದಲೇ ಜೀಕ್ಸನ್ ಸಿಂಗ್. ಪಂಜಾಬ್‌ನಿಂದ ಮದೀಹ್ ತಲಾಲ್. ಎದುರಾಳಿ ಮೋಹನ್ ಬಾಗಾನ್‌ನ ಕೈಯಿಂದಲೇ ಅನ್ವರ್ ಅಲಿ. ಕಾಗದದ ಮೇಲೆ ಚೆಂದದ ತಂಡ. ಕಾಗದ ಫೆಡರೇಷನ್ ಮುಂದೆ ಹೋದಾಗ ಮಾತ್ರ ಬೇರೆಯೇ ಓದು. ಲೀಗ್ ಆರಂಭಕ್ಕೆ ಮೂರು ದಿನ ಮೊದಲು ಅದರ ಸಮಿತಿ ಅನ್ವರ್‌ಗೆ ನಾಲ್ಕು ತಿಂಗಳ ನಿಷೇಧ ಹೇರಿತು. ಮೋಹನ್ ಬಾಗಾನ್‌ಗೆ 12.90 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದೂ ಹೇಳಿತು. ವಿಷಯ ದೆಹಲಿ ಹೈಕೋರ್ಟ್‌ಗೆ ಹೋಯಿತು, ಆದೇಶ ನಿಲ್ಲಲಿಲ್ಲ. ಆದರೂ ಮೊದಲ ಪಂದ್ಯಕ್ಕೆ ಆಟಗಾರ ಸಿಗಲಿಲ್ಲ. ನಮ್ಮ ಕ್ಲಬ್ಬುಗಳು ವರ್ಗಾವಣೆಯ ಮೊತ್ತವನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಪತ್ರಿಕೆಗಳು ಊಹಿಸುತ್ತವೆ, ಅಭಿಮಾನಿಗಳು ಊಹೆಗೆ ಸೊನ್ನೆ ಸೇರಿಸುತ್ತಾರೆ. ಆ ಬೇಸಿಗೆಯ ವ್ಯಾಪಾರದಲ್ಲಿ ಆದೇಶವೊಂದರಲ್ಲಿ ಅಚ್ಚಾಗಿ ಎಲ್ಲರ ಕಣ್ಣಿಗೆ ಬಿದ್ದ ಅಂಕಿ 12.90 ಕೋಟಿ. ಅದು ಬೆಲೆಯಲ್ಲ, ದಂಡ.

ಕೊಟ್ಟ ದುಡ್ಡಿಗೆ ಲೆಕ್ಕ ಕೇಳುವವರು ಬಿಟ್ಟುಕೊಟ್ಟ ಆಟಗಾರರಿಗೂ ಕೇಳಬೇಕು. ಮೂರನೆಯ ಪಂದ್ಯದಲ್ಲಿ ಗೋವಾದ ಮೂರೂ ಗೋಲು ಹೊಡೆದವರು ಬೋರ್ಹಾ ಹೆರೇರಾ. ಹಿಂದಿನ ಋತುವಿನ ಮೊದಲರ್ಧದಲ್ಲಿ ಅವರು ಈಸ್ಟ್ ಬೆಂಗಾಲ್ ಅಂಗಿಯಲ್ಲಿದ್ದರು. ಮೊದಲ ಪಂದ್ಯದ ಏಕೈಕ ಗೋಲು ಕಂಠೀರವ ಕ್ರೀಡಾಂಗಣದಲ್ಲಿ ಬಿದ್ದದ್ದು. ಹೊಡೆದ ವಿನೀತ್ ವೆಂಕಟೇಶ್ ಇನ್ನೂ ಹದಿಹರೆಯದ ಹುಡುಗ, ಬೆಂಗಳೂರು ಎಫ್‌ಸಿ ತನ್ನ ಅಕಾಡೆಮಿಯಲ್ಲೇ ಬೆಳೆಸಿದವನು. ವರ್ಗಾವಣೆ ಶುಲ್ಕ ಸೊನ್ನೆ. ಹೀಗೆ ಕೋಟಿಗಳ ತಂಡವನ್ನು ಮೊದಲು ಮಣಿಸಿದ್ದು ಪುಕ್ಕಟೆ ಹುಡುಗ, ಕೊನೆಗೆ ಮಣಿಸಿದ್ದು ತಾನೇ ಕಳಿಸಿಕೊಟ್ಟವ. ಇವೆರಡರಲ್ಲಿ ಕೋಚ್ ಪಾಲೆಷ್ಟು, ಕಚೇರಿಯ ಪಾಲೆಷ್ಟು? ಯಾರೂ ಹೇಳಲಿಲ್ಲ. ಹೇಳದಿದ್ದರೂ ತೀರ್ಪು ಬಂತು.

ಈಗ ಪಟ್ಟಿ ನೋಡಿ. ಈಸ್ಟ್ ಬೆಂಗಾಲ್ ಐಎಸ್‌ಎಲ್‌ಗೆ ಬಂದದ್ದು 2020ರಲ್ಲಿ. ಮೊದಲ ಐದು ಋತುಗಳ ಸ್ಥಾನ: 9, 11, 9, 9, 9. ಈ ಅವಧಿಯಲ್ಲಿ ಹೂಡಿಕೆದಾರರು ಬದಲಾದರು. ಸಿಮೆಂಟ್ ಕಂಪನಿ ಹೋಗಿ ಇಮಾಮಿ ಬಂತು. ಲಿವರ್‌ಪೂಲ್‌ನ ರಾಬಿ ಫೌಲರ್ ಬಂದು ಹೋದರು. ಭಾರತ ತಂಡವನ್ನು ನಡೆಸಿದ್ದ ಸ್ಟೀಫನ್ ಕಾನ್‌ಸ್ಟಂಟೈನ್ ಬಂದು ಹೋದರು. ಸ್ಪೇನ್‌ನವರಂತೂ ಸಾಲಾಗಿ ಬಂದರು. ಒಮ್ಮೆ ಹನ್ನೊಂದಕ್ಕೆ ಇಳಿದದ್ದು ಬಿಟ್ಟರೆ ಒಂಬತ್ತು ಅಲುಗಾಡಲಿಲ್ಲ. ಸ್ಥಾನವನ್ನೇ ಅಳತೆಗೋಲು ಮಾಡಿಕೊಂಡರೆ ಎಲ್ಲ ಕೋಚ್‌ಗಳೂ ಒಂದೇ, ಎಲ್ಲ ಕೋಟಿಗಳೂ ವ್ಯರ್ಥ. ಅಂಕ ನೋಡಿದರೆ ಕಥೆ ಬೇರೆ: 17, 11, 19, 24, 28. ಪಂದ್ಯಗಳ ಸಂಖ್ಯೆಯೂ ಏರಿತು ಎನ್ನುವವರು ಭಾಗಿಸಿ ನೋಡಲಿ. ಪಂದ್ಯವೊಂದಕ್ಕೆ ಫೌಲರ್ ಕಾಲದಲ್ಲಿ 0.85, ಕಾನ್‌ಸ್ಟಂಟೈನ್ ಕಾಲದಲ್ಲಿ 0.95, ಕ್ವಾಡ್ರಾಟ್ ಅವರ ಪೂರ್ಣ ಋತುವಿನಲ್ಲಿ 1.09. ದೊಡ್ಡ ಏರಿಕೆಯಲ್ಲ. ಮೆರವಣಿಗೆಗೂ ಸಾಲದು, ಗಡೀಪಾರಿಗೂ ಸಾಲದು. ಆದರೆ ಪ್ರಗತಿ ಎಂಬ ಪದಕ್ಕೆ ಅರ್ಥವಿದ್ದರೆ ಅದು ಇಂಥದ್ದೇ.

ಬೆಂಗಳೂರಿನವರು ನಗುವ ಮುನ್ನ ತಮ್ಮ ಕಡತವನ್ನೂ ತೆರೆಯುವುದು ಒಳ್ಳೆಯದು. 2019ರ ಮಾರ್ಚ್ 17ರಂದು ಬಿಎಫ್‌ಸಿಗೆ ಐಎಸ್‌ಎಲ್ ಕಿರೀಟ ತಂದವರು ಇದೇ ಕ್ವಾಡ್ರಾಟ್. 2021ರ ಜನವರಿಯಲ್ಲಿ ಅವರನ್ನು ಕಳಿಸಿಕೊಟ್ಟದ್ದೂ ಇದೇ ಬಿಎಫ್‌ಸಿ. ಕಾರಣ, ಸತತ ಮೂರು ಸೋಲು. ಆಗ ತಂಡ ಆಡಿದ್ದು 9 ಪಂದ್ಯ, ಗಳಿಸಿದ್ದು 12 ಅಂಕ. ಋತು ಮುಗಿದಾಗ ಏಳನೆಯ ಸ್ಥಾನ. ಮೋಹನ್ ಬಾಗಾನ್ ಕೂಡ 2024ರ ಜನವರಿಯಲ್ಲಿ ಹುವಾನ್ ಫೆರಾಂಡೊ ಅವರನ್ನು ಬಿಟ್ಟುಕೊಟ್ಟಿತು. ಲೀಗ್‌ನಲ್ಲಿ ಸತತ ಮೂರು ಸೋಲು ಎಂಬುದು ಅಲ್ಲಿಯೂ ಹಿನ್ನೆಲೆ. ನಾಲ್ಕು ತಿಂಗಳ ಹಿಂದಷ್ಟೇ ಫೆರಾಂಡೊ ಡುರಾಂಡ್ ಕಪ್ ಗೆದ್ದಿದ್ದರು, ಅದೂ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ಎದುರು. ಅವರ ಜಾಗಕ್ಕೆ ಬಂದ ಹಬಾಸ್ ಏಪ್ರಿಲ್‌ನಲ್ಲಿ ಲೀಗ್ ಶೀಲ್ಡ್ ಗೆದ್ದುಕೊಟ್ಟರು. ಮೂರು ಸೋಲಿನ ನಿಯಮ ಒಮ್ಮೆ ಫಲಿಸಿತು. ತೊಂದರೆ ಅದೇ: ಒಮ್ಮೆ ಫಲಿಸಿದ ಹರಕೆಯನ್ನು ಜನ ಬಿಡುವುದಿಲ್ಲ.

ಬಿಎಫ್‌ಸಿ ಒಮ್ಮೆ ಬಿಟ್ಟಿತು. 2023ರ ಡಿಸೆಂಬರ್‌ನಲ್ಲಿ ಕೋಚ್ ಆಗಿ ಬಂದ ಹೆರಾರ್ಡ್ ಝರಗೋಜಾ ಆ ಋತುವನ್ನು ಹತ್ತನೆಯ ಸ್ಥಾನದಲ್ಲಿ ಮುಗಿಸಿದರು, ಈಸ್ಟ್ ಬೆಂಗಾಲ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಹಾಗಿದ್ದೂ ಅವರನ್ನು ಉಳಿಸಿಕೊಂಡರು. ಖರೀದಿಯೂ ಆಯಿತು, ಸುಳ್ಳು ಹೇಳುವುದು ಬೇಡ. ಮರು ಋತುವಿನಲ್ಲಿ ಮೂರನೆಯ ಸ್ಥಾನ. 2025ರ ಏಪ್ರಿಲ್ 12ರಂದು ಸಾಲ್ಟ್ ಲೇಕ್‌ನಲ್ಲಿ ಫೈನಲ್. ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 1–2ರ ಸೋಲು. ಈ ಝರಗೋಜಾ 2018–19ರಲ್ಲಿ ಕ್ವಾಡ್ರಾಟ್ ಅವರ ಸಹಾಯಕರಾಗಿದ್ದವರು. ಗುರುವಿಗೆ ಸಿಗದ ತಾಳ್ಮೆ ಶಿಷ್ಯನಿಗೆ ಸಿಕ್ಕಿತು.

ಈಸ್ಟ್ ಬೆಂಗಾಲ್‌ಗೆ ಖರೀದಿ ಹೊಸತಲ್ಲ. ದಕ್ಷಿಣದಿಂದ ಆಟಗಾರರನ್ನು ತಂದೇ ಅದು ದೊಡ್ಡದಾದದ್ದು. 1949ರಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಅಲ್ಲಿಗೆ ಹೋದರು. ಹಿಂದಿನ ವರ್ಷವಷ್ಟೇ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿ ಬಂದವರು. ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೇಹ್ ಜೊತೆ ಸೇರಿ ಅವರು ಪಂಚಪಾಂಡವರಾದರು. 1949, 50, 51, ಸತತ ಮೂರು ವರ್ಷ ಐಎಫ್‌ಎ ಶೀಲ್ಡ್. ಆ ಐವರನ್ನು ಕೂಡಿಸಿದ ಕೀರ್ತಿ ಇಂದಿಗೂ ಕ್ಲಬ್ಬಿನ ಪದಾಧಿಕಾರಿ ಜ್ಯೋತಿಷ್ ಗುಹಾ ಅವರಿಗೆ ಸಲ್ಲುತ್ತದೆ. ಆಗಿನ ಕೋಚ್ ಯಾರೆಂದು ಕೇಳಿ, ಕ್ಲಬ್ಬಿನ ಕಟ್ಟಾಭಿಮಾನಿಯೂ ತಡವರಿಸಿಯಾನು. ಕೊಂಡವರು ಕೀರ್ತಿಯನ್ನು ಹೊತ್ತ ಕಾಲ ಅದು. ಅಪಕೀರ್ತಿ ಬಂದಿದ್ದರೆ ಅದನ್ನೂ ಅವರೇ ಹೊರಬೇಕಿತ್ತು. ಈಗ ಕೊಳ್ಳುವ ಕೈ ಕಚೇರಿಯಲ್ಲೇ ಇದೆ. ಹೊರುವ ಹೆಗಲನ್ನು ಮಾತ್ರ ಸ್ಪೇನ್‌ನಿಂದ ತರಿಸುತ್ತಾರೆ.

ತರಬೇತುದಾರನನ್ನು ಅಳೆಯಬೇಡಿ ಎಂದು ಯಾರೂ ಹೇಳುತ್ತಿಲ್ಲ. ಖರ್ಚಿನ ಮೇಲೆ ಅಳೆಯುವುದಾದರೆ ಖರ್ಚಿನ ಪಟ್ಟಿ ಹೊರಗೆ ಬರಲಿ: ಕೋಚ್ ಕೇಳಿದ ಆಟಗಾರರು ಯಾರು, ಕೇಳದೆ ಬಂದವರು ಯಾರು, ಕೊಟ್ಟದ್ದು ಎಷ್ಟು. ಕೊಂಡವರ ಹೆಸರೂ ಅದರ ಕೆಳಗಿರಲಿ. ಅಲ್ಲಿಯವರೆಗೆ ದುಡ್ಡಿನ ಮಾತು ಬರೀ ಗದ್ದಲ. ಕ್ವಾಡ್ರಾಟ್ ಜಾಗಕ್ಕೆ ಬಂದ ಆಸ್ಕರ್ ಬ್ರುಜೋನ್ ತಂಡವನ್ನು ಎತ್ತಿ ನಿಲ್ಲಿಸಿದರು, ಅದೂ ತಲಾಲ್ ಡಿಸೆಂಬರ್‌ನಲ್ಲಿ ಮೊಣಕಾಲಿಗೆ ಗಾಯ ಮಾಡಿಕೊಂಡು ಋತುವಿನಿಂದಲೇ ಹೊರಬಿದ್ದ ಮೇಲೆ. ಆ ವರ್ಷದ 28 ಅಂಕಗಳಲ್ಲಿ ಕ್ವಾಡ್ರಾಟ್ ಪಾಲು ಒಂದೂ ಇಲ್ಲ, ಶ್ರೇಯ ಬ್ರುಜೋನ್‌ರದೇ. ಆದರೆ ಆ ಅಂಕ ಕೂಡಲು ತಿಂಗಳುಗಳು ಹಿಡಿದವು. ಕೋಚ್ ಬದಲಾದದ್ದೇ ಮದ್ದು ಎನ್ನುವವರಿಗಾಗಿ, ಕ್ವಾಡ್ರಾಟ್ ಹೊರಟ ಮೇಲೆ ಅದೇ ದುಬಾರಿ ತಂಡ ಲೀಗ್‌ನಲ್ಲಿ ಆಡಿದ ಮುಂದಿನ ಮೂರು ಪಂದ್ಯಗಳ ಫಲಿತಾಂಶ: 0–2, 0–2, 1–2.